ಎದುರುಪಟ್ಟಿ

ಹನ್ನೊಂದನೆಯ ದಿನದ ಊಟ ಮುಗಿಯಿತು. ಬಂದವರು ತಂತಮ್ಮ ಪಾತ್ರೆಗಳನ್ನು ಗುರುತು ಹಿಡಿದು ಒಯ್ದರು. ಮರುದಿನ ಬೆಳಗ್ಗೆ ಮಾಡಲೇಬೇಕಾದದ್ದು ಏನೂ ಇರಲಿಲ್ಲ. ಆರಕ್ಕೆ ಎದ್ದು ಬಾಗಿಲು ತೆಗೆದೆ. ಬೀದಿಯಲ್ಲಿ ಜನ ಎಂದಿನಂತೆ ಹಿಂದುಹಿಂದಕ್ಕೆ ನಡೆದುಕೊಂಡು ಹೋಗುತ್ತಿದ್ದರು.

ಅದು ಡಾಕ್ಟರ್ ಪಂಢರಿನಾಥರ ಅಪ್ಪಣೆ. ದಿನಾ ಬೆಳಗ್ಗೆ ಅರ್ಧ ಗಂಟೆ ಹಿಂದಕ್ಕೆ ನಡೆದರೆ ಎದುರುನೆರಳು ಕ್ರಮೇಣ ಹದಕ್ಕೆ ಬರುತ್ತದೆ, ಆಮೇಲೆ ಲಕ್ವ ಹೊಡೆಯುವುದೂ ಕಡಿಮೆಯಾಗುತ್ತದೆ ಎಂದು ಅವರ ಅಂದಾಜು. ಆರು ತಿಂಗಳಾಗಿತ್ತು. ಇನ್ನೂ ಯಾರ ನೆರಳೂ ಹದಕ್ಕೆ ಬಂದಿರಲಿಲ್ಲ. ಆದರೆ ಎಲ್ಲರಿಗೂ ಹಿಂದಕ್ಕೆ ನಡೆಯುವುದು ಚೆನ್ನಾಗಿ ಬರುತ್ತಿತ್ತು. ಮೀನಿನ ಬುಟ್ಟಿ ಹೊತ್ತವರು ಬುಟ್ಟಿ ಅಲುಗದಂತೆ ಹಿಂದಕ್ಕೆ ನಡೆಯುತ್ತಿದ್ದರು. ಇಬ್ಬರು ಹೆಂಗಸರು ಹಾಗೆ ನಡೆಯುತ್ತಲೇ ಜಗಳವಾಡಿ, ಜಗಳ ಮುಗಿಸಿ, ಎಲೆ ಅಡಿಕೆ ಹಂಚಿಕೊಳ್ಳುತ್ತಿದ್ದರು. ಸಾಲಿನ ನಡುವೆ ಒಬ್ಬ ಆಳು ಹಿಡಿಸುವಷ್ಟು ಜಾಗ ಖಾಲಿ ಇತ್ತು. ಅದು ನನ್ನ ಗಂಡ ಕೊಟ್ರೇಶನ ಜಾಗ. ಬೇಕೆಂದು ಬಿಟ್ಟದ್ದಲ್ಲ, ರೂಢಿಯಾಗಿ ಬಿಟ್ಟಿದ್ದರು.

ಸಾಲು ನಮ್ಮ ಮನೆಯ ಮುಂದೆ ಬಂದಾಗ ನಿಧಾನವಾಯಿತು.

"ವಸಮ್ಮಾ, ಎದ್ದೇನವ್ವಾ?" ಎಂದಳು ಮೀನಿನ ಬುಟ್ಟಿಯವಳು, ಬೆನ್ನು ನನ್ನ ಕಡೆಗಿಟ್ಟುಕೊಂಡೇ. "ಇಂಥಾ ಹೊತ್ನಾಗೆ ಕೇಳಬಾರ್ದು. ಆದ್ರೂ ಕೇಳ್ತೀನಿ. ಆಸ್ಪತ್ರಿ ಪಟ್ಟಿ ಯಾವಾಗ ಕೊಡ್ತಿ?"

"ಕೊಡ್ತೀನಿ," ಎಂದೆ.

"ಅದೊಂದು ಬಂದ್ರೆ ನೋಡು, ನಮ್ಮ ಕೈಗೂ ಆ ಬಟ್ಟೆ ಸುತ್ತುತಾರೆ. ಮೂರು ವಾರಾತು, ಎಸ್ತರಮ್ಮ ನಮ್ಮ ಕಡಿ ತಿರುಗಿ ಸುತಾ ನೋಡವಲ್ಲಳು."

ಸಾಲು ಹಿಂದಕ್ಕೆ ಸರಿದು ಹೋಯಿತು. ನಾನು ಬಾಗಿಲು ಹಾಕಿದೆ.

ನಮ್ಮ ಊರಿನಲ್ಲಿ ಎರಡು ಬಗೆಯ ಜನ. ಒಬ್ಬರ ನೆರಳು ಬೆಳಕಿನಿಂದ ಆಚೆಗೆ ಬೀಳುತ್ತದೆ. ಇನ್ನೊಬ್ಬರದು ಬೆಳಕಿನ ಕಡೆಗೇ ಬೀಳುತ್ತದೆ. ನಾನು ನೇರನೆರಳಿನವಳು, ಕೊಟ್ರೇಶ ಎದುರುನೆರಳಿನವನು. ಚಹದಂಗಡಿಯಲ್ಲಿ ಎರಡು ಬಗೆಯ ಲೋಟಗಳಿವೆ. ಫೋಟೋ ಸ್ಟುಡಿಯೋದಲ್ಲಿ ಎರಡು ಪರದೆಗಳಿವೆ. ಬಸ್ ನಿಲ್ದಾಣದಲ್ಲಿ ಎರಡು ಸಾಲು. ಎದುರುನೆರಳಿನವರ ಸಾಲಿಗೆ ಚಾವಣಿ ಹಾಕಿಲ್ಲ, ಚಾವಣಿ ಹಾಕಿದರೆ ಅವರು ಯಾರೆಂದು ಗೊತ್ತಾಗುವುದಿಲ್ಲವಲ್ಲ. ನಾನು ಅಂಕಿಅಂಶ ಶಾಸ್ತ್ರ ಓದಲು ಹೋದ ವಿಶ್ವವಿದ್ಯಾಲಯದ ಊರಿನಲ್ಲಿ ಎಲ್ಲರ ನೆರಳೂ ಒಂದೇ ಕಡೆ ಬೀಳುತ್ತಿತ್ತು. ಅಲ್ಲಿಯವರು ಬೇರೆ ಏನನ್ನೋ ನೋಡಿ ಸಾಲು ಬೇರೆ ಮಾಡುತ್ತಿದ್ದರು.

ಕೊಟ್ರೇಶ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ನಮ್ಮ ಮದುವೆಗೆ ಎರಡೂ ಕಡೆಯವರು ಬಂದು, ಮದುವೆ ನಡೆಯಬಾರದೆಂಬುದರಲ್ಲಿ ಒಮ್ಮತಕ್ಕೆ ಬಂದು, ಊಟ ಮಾಡಿ ಹೋದರು. ಬೆಳಗಿನ ಬಿಸಿಲಿನಲ್ಲಿ ನಾನು ಮೂಡಲಿಗೆ, ಅವನು ಪಡುವಲಿಗೆ ಎದುರುಬದುರು ನಿಂತರೆ ನನ್ನ ನೆರಳು ಅವನ ಮೇಲೆ, ಅವನದು ನನ್ನ ಮೇಲೆ ಬೀಳುತ್ತಿತ್ತು. ಇಬ್ಬರಿಗೂ ತಂಪು. ಬೇರೆ ಯಾವ ಜೋಡಿಗೂ ಇದು ಸಾಧ್ಯವಿಲ್ಲವೆಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಇಷ್ಟನ್ನು ಬರೆದರೆ ಸಾಕು.

ಅವನಿಗೆ ಮೂವತ್ತೆರಡು. ಅಂದು ಬೆಳಗ್ಗೆ ಹಿಂದಕ್ಕೆ ನಡೆಯುತ್ತ ಮೀನುಪೇಟೆಯ ಮೆಟ್ಟಿಲಿನ ಮೇಲೆ ಕೂತುಬಿಟ್ಟನಂತೆ. ಬಲಗೈ ಮೇಲೇಳಲಿಲ್ಲ. ಬಾಯಿ ಒಂದು ಕಡೆಗೆ ಜಾರಿತು. ಜತೆಯವರು ನಕ್ಕರು. ಡಾಕ್ಟರನ್ನು ಅಣಕಿಸುವುದರಲ್ಲಿ ಅವನು ನಿಸ್ಸೀಮ, ಅದನ್ನೇ ಮಾಡುತ್ತಿದ್ದಾನೆಂದುಕೊಂಡರು. ಆಮೇಲೆ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು, ಈ ಸಲ ಮುಂದಕ್ಕೆ.

ಆಸ್ಪತ್ರೆಯಲ್ಲಿ ರಕ್ತದ ಒತ್ತಡ ನೋಡುವ ಪಾದರಸದ ಯಂತ್ರ ಒಂದೇ ಇದೆ. ಅದರ ಗಾಜಿನ ನಳಿಗೆಯ ಮೇಲೆ ಅಂಕಿಗಳಿಲ್ಲ. ಪಕ್ಕದ ಸೀಳಿನಲ್ಲಿ ಅಂಕಿ ಬರೆದ ಮರದ ಪಟ್ಟಿಯೊಂದನ್ನು ಸಿಕ್ಕಿಸಿ ಓದಬೇಕು. ಪಟ್ಟಿಗಳು ಎರಡು, ನೇರಪಟ್ಟಿ ಮತ್ತು ಎದುರುಪಟ್ಟಿ. ನರ್ಸ್ ಎಸ್ತರಮ್ಮ ಮೊದಲು ಕಿಟಕಿ ತೆರೆದು ರೋಗಿಯ ನೆರಳು ಯಾವ ಕಡೆಗೆಂದು ನೋಡಿ, ಅದಕ್ಕೆ ತಕ್ಕ ಪಟ್ಟಿ ಹಾಕುತ್ತಾರೆ. ಮೋಡ ಕವಿದ ದಿನ ಯಾರ ಒತ್ತಡವನ್ನೂ ನೋಡುವುದಿಲ್ಲ. ಓದಿದ ಅಂಕಿಯನ್ನು ಕಿಟಕಿಯಿಂದ ಹೊರಗಿರುವ ಮನೆಯವರಿಗೆ ಕೂಗಿ ಹೇಳುತ್ತಾರೆ. ಕೂಗಿದ ಅಂಕಿಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಒಮ್ಮೆ ಬಾಯಿತಪ್ಪಿ ಇನ್ನೂರ ಎರಡು ಎಂದು ಕೂಗಿಸಿಕೊಂಡ ಗಟ್ಟಿಮುಟ್ಟಾದ ಕಬ್ಬಿಣದಂಗಡಿಯವನೊಬ್ಬ ಹತ್ತು ವರ್ಷದಿಂದ ಉಪ್ಪಿಲ್ಲದ ಊಟ ಮಾಡುತ್ತಿದ್ದಾನೆ.

ಕೊಟ್ರೇಶನನ್ನು ಕಿಟಕಿಯ ಬಳಿ ಹಿಡಿದು ನಿಲ್ಲಿಸಿದರು. ಬಿಸಿಲು ಚೆನ್ನಾಗಿತ್ತು. ನೆರಳು ಎದುರಿನದೇ ಎಂದು ಖಾತ್ರಿಯಾಯಿತು. ಆದರೆ ಎದುರುಪಟ್ಟಿ ಗೋಡೆಯ ಮೊಳೆಯಲ್ಲಿರಲಿಲ್ಲ. ಅದು ನಮ್ಮ ಮನೆಯಲ್ಲಿತ್ತು. ಅಂಕಿಗಳು ಮಾಸಿವೆ, ಹೊಸದಾಗಿ ಬರೆದುಕೊಡುತ್ತೇನೆ, ಒಂದು ವಾರ ಕೊಡಿ ಎಂದು ಅದನ್ನು ತಂದವನು ಅವನೇ. ಒಂಬತ್ತು ದಿನವಾಗಿತ್ತು. ಅಳೆಯದೆ ಮಾತ್ರೆ ಕೊಡುವಂತಿಲ್ಲ. ಡಾಕ್ಟರು ಅವನ ಹಳೆಯ ಚೀಟಿ ತೆಗೆಸಿ ನೋಡಿದರು. ಹೋದ ತಿಂಗಳು ನೂರ ಮೂವತ್ತೆಂಟು. "ಒತ್ತಡ ಸರಿಯಾಗಿಯೇ ಇದೆ," ಎಂದರು. ಸಂಜೆ ನಾಲ್ಕಕ್ಕೆ ಅವನು ತೀರಿಕೊಂಡ.

ಬಾಗಿಲು ಹಾಕಿ ಒಳಗೆ ಬಂದಾಗ ಹಾಲಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅವಳು ಕೊಟ್ರೇಶನ ತಂಗಿ, ಇಪ್ಪತ್ತನಾಲ್ಕು ವರ್ಷ, ಉಪ್ಪಿನ ಕಾರ್ಖಾನೆಯಲ್ಲಿ ಚೀಲ ಹೊಲಿಯುತ್ತಾಳೆ. ಅವರ ತಂದೆ ನಲವತ್ತಕ್ಕೆ ಲಕ್ವ ಹೊಡೆದು ಹೋದರು, ತಾಯಿ ಮೂವತ್ತೆಂಟಕ್ಕೆ. ಅವಳನ್ನು ಬೆಳೆಸಿದವನು ಇವನೇ. ಹಾಲಮ್ಮ ಒಂದು ಕಣ್ಣು ಮುಚ್ಚಿ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು. ಆಮೇಲೆ ಇನ್ನೊಂದು ಕಣ್ಣು ಮುಚ್ಚಿದಳು.

"ಏನು?" ಎಂದೆ.

"ಏನಿಲ್ಲ ಅತ್ತಿಗೆ. ಈ ಕಣ್ಣಾಗೆ ಐದು ಬೆರಳು. ಈ ಕಣ್ಣಾಗೆ ಐದೂವರೆ."

"ತಲೆನೋವು?"

"ಅದು ಐತೆ ಬಿಡ್ರಿ. ಅದು ಬಂದಿದ್ದು ಅಲ್ಲ, ಇರೋದು."

ಅಣ್ಣನಿಗೂ ಹಾಗೆಯೇ ಇತ್ತು. ಅದು ಬಣ್ಣದ ವಾಸನೆಗೆಂದು ನಾವಿಬ್ಬರೂ ಅಂದುಕೊಂಡಿದ್ದೆವು.

ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಎಸ್ತರಮ್ಮ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರೂ ಎದುರುನೆರಳಿನವರು. ಇಪ್ಪತ್ತಾರು ವರ್ಷದಿಂದ ಆ ಕಿಟಕಿಯ ಬಳಿ ನಿಂತು ಊರಿನವರ ನೆರಳು ನೋಡಿದ್ದಾರೆ. ಮಾತನಾಡುವಾಗ ಆಗಾಗ ಕತ್ತಿನ ಹಿಂಭಾಗವನ್ನು ಒತ್ತಿಕೊಳ್ಳುವುದು ಅವರ ಅಭ್ಯಾಸ.

"ನೇರಪಟ್ಟಿ ಹಾಕಿ ಒಂದ್ಸಲ ನೋಡಿ ಸಿಸ್ಟರ್," ಎಂದೆ.

"ಇವಳಿಗೆ ನೇರಪಟ್ಟಿನಾ? ಚೆನ್ನಾಗ್ ಹೇಳ್ದೆ. ನಾಳೆ ಗಂಡಸರ ವಾರ್ಡಿನಲ್ಲಿ ಹೆರಿಗೆ ಮಾಡ್ಸು ಅಂತೀಯ. ಹೋಗಮ್ಮ, ಆ ಪಟ್ಟಿ ತಂದ್ಕೊಡು. ಬೇಗ ತಾ. ಮೋಡ ಶುರುವಾದ್ರೆ ಎರಡು ತಿಂಗಳು ಬಿಸಿಲು ಕಾಣಲ್ಲ. ಆಮೇಲೆ ನಾನು ಯಾರನ್ನೂ ಅಳೆಯೋ ಹಾಗಿಲ್ಲ."

ಹಾಲಮ್ಮ ಹೊರಗೆ ಬಂದು ಮೆಟ್ಟಿಲಿನ ಮೇಲೆ ಕೂತಳು. "ಅಣ್ಣ ಇದ್ದಾಗೂ ಅವನ ಬಣ್ಣ ಒಣಗೋದನ್ನ ಕಾಯ್ತಿದ್ವಿ. ಈಗೂ ಅದೇ ಆತು," ಎಂದಳು.

ಅವನು ಕೆಲಸ ಮಾಡುತ್ತಿದ್ದ ಮುಂದಿನ ಕೋಣೆಯ ಬಾಗಿಲನ್ನು ನಾನು ಹನ್ನೆರಡು ದಿನ ತೆಗೆದಿರಲಿಲ್ಲ. ಅಂದು ಮಧ್ಯಾಹ್ನ ತೆಗೆದೆ. ಅರ್ಧ ಬರೆದ ಬೋರ್ಡೊಂದು ಗೋಡೆಗೆ ಒರಗಿತ್ತು. 'ತಾಜಾ ಮೀ' ಎಂದಷ್ಟೇ ಇತ್ತು. ಪಟ್ಟಿ ಮೇಜಿನ ಮೇಲಿತ್ತು. ಮೊಳದುದ್ದದ ಹಲಗೆ. ಹಿಂಬದಿಯಲ್ಲಿ ಆಸ್ಪತ್ರೆಯ ಮುದ್ರೆ. ಮುಂಬದಿಯ ಹಳೆಯ ಅಂಕಿಗಳನ್ನೆಲ್ಲ ಅವನು ಉಜ್ಜಿ ತೆಗೆದು, ಬಿಳಿ ಬಣ್ಣ ಬಳಿದು ಒಣಗಿಸಿದ್ದ. ಹಳೆಯ ಅಂಕಿಗಳಿದ್ದ ಜಾಗಗಳನ್ನು ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದು, ಪಕ್ಕದಲ್ಲಿ ಆಯಾ ಅಂಕಿ ಗೀಚಿ ಗುರುತು ಮಾಡಿಕೊಂಡಿದ್ದ. ಪಕ್ಕದಲ್ಲಿ ಒಂದು ಉದ್ದನೆಯ ಕಾಗದ. ಅಂಕಿಗಳ ಆಕಾರ ಚೆನ್ನಾಗಿ ಬರಲೆಂದು ಆಸ್ಪತ್ರೆಯಲ್ಲಿ ಕೂತು ನೇರಪಟ್ಟಿಯ ಮೇಲೆ ಕಾಗದವಿಟ್ಟು ಎಳೆದುಕೊಂಡು ಬಂದ ನಕಲು ಅದು.

ಕಾಗದವನ್ನು ಹಲಗೆಯ ಮೇಲಿಟ್ಟೆ. ಎರಡರ ಉದ್ದವೂ ಒಂದೇ. ಬುಡ ಸೇರಿಸಿದೆ, ತಲೆ ಸೇರಿತು. ಅಂಕಿಗಳು ಸೇರಲಿಲ್ಲ. ಹಲಗೆಯಲ್ಲಿ ನೂರ ನಲವತ್ತರ ಗುರುತಿದ್ದ ಕಡೆ ಕಾಗದದಲ್ಲಿ ನೂರ ಎಪ್ಪತ್ತು ಇತ್ತು. ನೂರ ಹತ್ತರ ಎದುರು ನೂರ ನಲವತ್ತು. ಬುಡದಿಂದ ತುದಿಯವರೆಗೂ ಮೂವತ್ತರ ಅಂತರ.

ಕೊಟ್ರೇಶನೂ ಇದನ್ನು ನೋಡಿದ್ದ. ನೂರ ಎಪ್ಪತ್ತರ ಪಕ್ಕ ಕಾಗದದ ಅಂಚಿನಲ್ಲಿ ಅವನ ಅಕ್ಷರ ಇತ್ತು. 'ವಸೂನ ಕೇಳಬೇಕು.'

ಅವನು ಕೇಳಲಿಲ್ಲ. ಮರೆತನೋ, ಬಣ್ಣ ಒಣಗಲೆಂದು ಕಾಯುತ್ತಿದ್ದನೋ ಗೊತ್ತಿಲ್ಲ. ನಾನು ಸ್ವಲ್ಪ ಹೊತ್ತು ಆ ಕೋಣೆಯ ನೆಲದ ಮೇಲೆ ಕೂತೆ. ಆಮೇಲೆ ಎದ್ದು ಅಟ್ಟದಿಂದ ನನ್ನ ಟ್ರಂಕು ಇಳಿಸಿದೆ.

ಇದನ್ನೂ ಹೇಳಬೇಕು. 'ನಮ್ಮ ಊರಿನ ಯುವಜನರಲ್ಲಿ ಲಕ್ವ: ನೆರಳಿನ ಪಾತ್ರ' ಎಂಬುದು ಡಾಕ್ಟರ್ ಪಂಢರಿನಾಥರ ಅಧ್ಯಯನ. ಅದರ ಕೋಷ್ಟಕಗಳನ್ನು ಮಾಡಿದವಳು ನಾನು. ಹದಿನೆಂಟರಿಂದ ನಲವತ್ತೈದರ ಒಳಗಿನ ನಾನೂರು ಜನ, ಇನ್ನೂರು ಆ ನೆರಳಿನವರು, ಇನ್ನೂರು ಈ ನೆರಳಿನವರು. ಉಪ್ಪು, ಬೀಡಿ, ಸಕ್ಕರೆ ಕಾಯಿಲೆ, ನಿದ್ದೆ, ಒತ್ತಡ ಎಂದು ಐದು ಅಂಕಣ. ಎರಡು ವರ್ಷದಲ್ಲಿ ನೇರದವರಲ್ಲಿ ಹತ್ತು ಜನ ಬಿದ್ದರು, ಎದುರಿನವರಲ್ಲಿ ಮೂವತ್ತೆರಡು. ಬೀಡಿ ಇಬ್ಬರಲ್ಲೂ ಸರಿಸಮ. ಉಪ್ಪು, ಸಕ್ಕರೆ, ನಿದ್ದೆಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ. ಒತ್ತಡ ಇಬ್ಬರಲ್ಲೂ ಒಂದೇ. ಹಾಗಾದರೆ ಉಳಿದದ್ದು ನೆರಳು ತಾನೇ ಎಂದು ಡಾಕ್ಟರು ಬರೆದರು. ಹಿಂದಕ್ಕೆ ನಡೆಯುವ ಪದ್ಧತಿ ಹುಟ್ಟಿದ್ದು ನನ್ನ ಕೋಷ್ಟಕದಿಂದ. ಎರಡು ಪಟ್ಟಿಗಳಿವೆಯೆಂದು ನನಗೆ ಗೊತ್ತಿತ್ತು. ಎರಡು ಲೋಟಗಳಿವೆ, ಎರಡು ಸಾಲುಗಳಿವೆ, ಎರಡು ಪಟ್ಟಿಗಳೂ ಇವೆ ಎಂದುಕೊಂಡಿದ್ದೆ. ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಅದಕ್ಕೆ ವಿಶ್ವವಿದ್ಯಾಲಯದ ಓದು ಬೇಕಾಗಿರಲಿಲ್ಲ.

ಟ್ರಂಕಿನಿಂದ ಹಳೆಯ ಪುಸ್ತಕ ತೆಗೆದು, ಎದುರಿನವರ ಇನ್ನೂರು ಅಂಕಿಗಳಿಗೂ ಮೂವತ್ತು ಕೂಡಿಸಿದೆ. ಎರಡು ಮಧ್ಯಾಹ್ನ ಹಿಡಿಯಿತು. ಆಮೇಲೆ ನೂರ ಅರವತ್ತರ ಮೇಲಿನವರನ್ನು ಮಾತ್ರ ಎಣಿಸಿದೆ. ನೇರದವರಲ್ಲಿ ಅಂಥವರು ಇಪ್ಪತ್ತೇಳು, ಬಿದ್ದವರು ಒಂಬತ್ತು. ಎದುರಿನವರಲ್ಲಿ ತೊಂಬತ್ತಮೂರು, ಬಿದ್ದವರು ಮೂವತ್ತೊಂದು. ಇಲ್ಲೂ ಮೂವರಲ್ಲಿ ಒಬ್ಬರು, ಅಲ್ಲೂ ಮೂವರಲ್ಲಿ ಒಬ್ಬರು. ನೆರಳಿನ ಅಂಕಣಕ್ಕೆ ಇನ್ನೇನೂ ಕೆಲಸ ಉಳಿಯಲಿಲ್ಲ. ಊರಿಗೆ ಮಾತ್ರೆ ಬಂದದ್ದು ಆ ಎರಡು ವರ್ಷ ಮುಗಿದ ಮೇಲೆ, ಬಂದ ದಿನವೇ ನೇರದವರಲ್ಲಿ ಉಳಿದ ಹದಿನೆಂಟು ಜನರಿಗೆ ಶುರುವಾಯಿತು. ಅಷ್ಟೂ ಜನ ಇಂದಿಗೂ ಓಡಾಡಿಕೊಂಡಿದ್ದಾರೆ. ಎದುರಿನವರಲ್ಲಿ ಉಳಿದ ಅರವತ್ತೆರಡು ಜನಕ್ಕೆ ಸಿಕ್ಕಿದ್ದು ಹಿಂದಕ್ಕೆ ನಡೆಯುವ ಸಲಹೆ.

ಕೊಟ್ರೇಶನ ಹೆಸರು ನೂರ ಹದಿನಾಲ್ಕನೆಯದು. ಅಲ್ಲೂ ನೂರ ಮೂವತ್ತೆಂಟೇ ಇತ್ತು, ಅದರ ಮೇಲೆ ನೂರ ಅರವತ್ತೆಂಟು ಎಂದು ಬರೆದೆ. ಹಾಲಮ್ಮನದು ನೂರ ಹದಿನೈದನೆಯದು. ಅಧ್ಯಯನ ಶುರುವಾದಾಗ ಅವಳ ಒತ್ತಡ ನೂರ ಮೂವತ್ತನಾಲ್ಕು ಇತ್ತು.

ಕೋಷ್ಟಕ ತೆಗೆದುಕೊಂಡು ಡಾಕ್ಟರ ಬಳಿ ಹೋದೆ. ಡಾಕ್ಟರು ಒಳ್ಳೆಯವರು. ರೋಗಿ ಸತ್ತರೆ ಅಂದು ಊಟ ಮಾಡುವುದಿಲ್ಲ. ಆ ವರ್ಷ ತುಂಬ ಇಳಿದುಹೋಗಿದ್ದರು.

"ಕೂತ್ಕೋ ವಸುಮತಿ. ಊಟ ಗೀಟ ಸರಿಯಾಗಿ ಮಾಡ್ತಿದ್ದೀಯಾ?"

"ಸರ್, ಎದುರುಪಟ್ಟಿ ಮೂವತ್ತು ಕಡಿಮೆ ತೋರಿಸುತ್ತೆ."

"ತೋರಿಸಲೇಬೇಕಲ್ಲ? ಅದಕ್ಕೇ ಅಲ್ವೇ ಅದನ್ನ ಮಾಡ್ಸಿದ್ದು?"

"ಬೇಕೂಂತ ಮಾಡ್ಸಿದ್ದಾ ಸರ್?" ಎಂದೆ.

"ನನಗಿಂತ ಮುಂಚೆ ಇದ್ದ ಡಾಕ್ಟರು ಮಾಡ್ಸಿದ್ದು," ಎಂದರು ಅವರು. "ಎದುರುನೆರಳಿನವರ ರಕ್ತ ಹುಟ್ಟಿನಿಂದಲೇ ಜೋರು. ಅದು ಅವರಿಗೆ ಸಹಜ. ಇದ್ದ ಹಾಗೇ ಬರೆದರೆ ಅರ್ಧ ಊರು ರೋಗಿಗಳು ಅಂತಾಗುತ್ತೆ. ಗಟ್ಟಿಮುಟ್ಟಾಗಿರೋರನ್ನ ರೋಗಿಗಳು ಮಾಡೋದಕ್ಕಾ ನಾನು ಬಂದಿರೋದು?"

"ಅವರು ಸಾಯ್ತಿದ್ದಾರೆ ಸರ್."

"ಹೌದು, ಪಾಪ. ಒತ್ತಡ ಸರಿಯಾಗಿದ್ದೂ ಸಾಯ್ತಾರೆ. ಅದೇ ಅಲ್ವೇ ನಮ್ಮ ಅಧ್ಯಯನದ ವಿಶೇಷ."

ಕೋಷ್ಟಕವನ್ನು ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಒಂದು ಕಡೆ ಬೆರಳಿಟ್ಟರು, ತೆಗೆದರು.

"ಚೆನ್ನಾಗಿ ಮಾಡಿದ್ದೀಯ. ಆದರೆ ನೆರಳು ಇದೆಯಲ್ಲ, ವಸುಮತಿ? ಅದು ಕಣ್ಣಿಗೆ ಕಾಣುತ್ತೆ. ಅದನ್ನ ಎಲ್ಲಿ ಹಾಕ್ತೀಯ?"

"ಎಲ್ಲೂ ಹಾಕಬೇಕಾಗಿಲ್ಲ ಸರ್."

"ನೀನೇ ಎರಡು ವರ್ಷ ಈ ಅಂಕಿಗಳ ಜತೆ ಕೂತಿದ್ದೆ. ಆಗ ಹೀಗೆ ಹೇಳಲಿಲ್ಲ." ದನಿ ಏರಿಸಲಿಲ್ಲ. ಗದರಿಸಿದ್ದರೆ ಚೆನ್ನಾಗಿತ್ತು. "ಮೋಡ ಬರೋ ಮುಂಚೆ ಪಟ್ಟಿ ತಂದುಬಿಡು. ಮೊದಲಿದ್ದ ಹಾಗೇ ಇರಲಿ."

ಮನೆಗೆ ಬಂದಾಗ ಹಾಲಮ್ಮ ಕಾರ್ಖಾನೆಯಿಂದ ಬಂದು ಕಾಲು ತೊಳೆಯುತ್ತಿದ್ದಳು. ನೀರು ಬೆಳ್ಳಗಾಗುತ್ತಿತ್ತು. ನಾನು ಅವಳನ್ನು ಮುಂದಿನ ಕೋಣೆಗೆ ಕರೆದು ಹಲಗೆ, ಕಾಗದ ಎರಡನ್ನೂ ತೋರಿಸಿ, ಡಾಕ್ಟರು ಅಂದದ್ದನ್ನೂ ಹೇಳಿದೆ. ಅವಳು ಕಾಗದವನ್ನು ಮೇಲೆ ಸರಿಸಿದಳು, ಕೆಳಗೆ ಸರಿಸಿದಳು. ಅಣ್ಣನ ಅಕ್ಷರ ಓದಿದಳು.

"ನಮ್ಮ ರಕ್ತ ಹುಟ್ಟಿದಾಗ್ಲೇ ಜೋರಂತೇನು?" ಎಂದಳು. "ಬಿಸಿಲಾಗೆ ನಿಲ್ಲಿಸ್ತಾರೆ. ನೆರಳು ಯಾರ ಕಾಲ ಮೇಲಾದ್ರೂ ಬಿದ್ರೆ ಬೈತಾರೆ. ಉಪ್ಪಿನ ಧೂಳು ಕುಡಿದು ಮನೀಗ್ ಬರ್ತೀವಿ. ಇಷ್ಟಾದ ಮ್ಯಾಲೂ ರಕ್ತ ತಣ್ಣಗಿರಬೇಕಂತೇನು?"

"ಹಾಲಮ್ಮ, ಇದನ್ನ ಎರಡು ಥರ ಬರೀಬಹುದು. ಮೊದಲಿದ್ದ ಹಾಗೆ. ಇಲ್ಲಾ, ಈ ಕಾಗದದಲ್ಲಿರೋ ಹಾಗೆ. ಡಾಕ್ಟರು ಮೊದಲಿದ್ದ ಹಾಗೆ ಅಂದಿದ್ದಾರೆ. ಸಿಕ್ಕಿಬಿದ್ರೆ ಇಬ್ಬರನ್ನೂ ಆಸ್ಪತ್ರೆಗೆ ಸೇರಿಸಲ್ಲ. ಮೊದಲು ಅಳೆಸಿಕೊಳ್ಳೋಳು ನೀನು. ನೀನು ಹೇಳು."

ಅವಳು ಅರ್ಧ ಬರೆದ ಬೋರ್ಡನ್ನು ನೋಡಿದಳು. "ಅಣ್ಣ ಹಳಸಿದ ಮೀನಿನೋನಿಗೂ ತಾಜಾ ಅಂತ್ಲೇ ಬರ್ಕೊಡೋನು. ಹೇಳ್ದೋರ್ ಹೇಳ್ದಂಗೆ ಬರೆಯೋನು. ಆದ್ರೆ ಒಂದಿನಾನೂ ಡೊಂಕ ಬರೀಲಿಲ್ಲ. ಅಕ್ಷರ ಒಂದು ಕೂದಲಷ್ಟು ಕೆಳಗೆ ಬಂದ್ರೆ ಪೂರ್ತಿ ಅಳಿಸೋನು." ಅವಳು ಹಲಗೆಯ ಒಂದು ತುದಿ ಎತ್ತಿದಳು. "ಬರೀರಿ ಅತ್ತಿಗೆ. ನಾ ಹಲಗೆ ಹಿಡಕೊಂತೀನಿ."

ಅವನ ಬ್ರಷ್ಷುಗಳಲ್ಲಿ ಅತ್ಯಂತ ಸಣ್ಣದನ್ನು ತೆಗೆದುಕೊಂಡೆ. ಕಪ್ಪು ಬಣ್ಣದ ಡಬ್ಬಿಯ ಮೇಲೆ ಕೆನೆ ಕಟ್ಟಿತ್ತು. ಅವನು ಅದನ್ನು ಒಂದು ಕಡ್ಡಿಯಿಂದ ಒಂದೇ ಏಟಿಗೆ ಸುರುಳಿ ಮಾಡಿ ಎತ್ತುತ್ತಿದ್ದ. ನನಗೆ ಹರಿದು ಹೋಯಿತು. ಕೆಳಗಿನಿಂದ ಶುರು ಮಾಡಿದೆ. ನನ್ನದು ಪಳಗಿದ ಕೈಯಲ್ಲ.

"ನಿಮ್ಮ ಎಂಟು ಬಸುರಿ ಇದ್ದಂಗೈತೆ," ಎಂದಳು ಹಾಲಮ್ಮ.

"ಸುಮ್ನೆ ಹಿಡ್ಕೋ."

"ಐದೇನು, ತಲೆ ಮ್ಯಾಲೆ ಬುಟ್ಟಿ ಹೊತ್ತೈತೇನು?"

ಇಬ್ಬರೂ ನಕ್ಕೆವು. ನಕ್ಕ ಮೇಲೆ ಬೀದಿಯವರಿಗೆ ಕೇಳಿಸಿತೇನೋ ಎಂದು ಕಿಟಕಿಯ ಕಡೆ ನೋಡಿದೆವು. ನೂರ ಎಪ್ಪತ್ತಕ್ಕೆ ಬಂದಾಗ ಅವಳು ಹಲಗೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

ಬಣ್ಣ ಒಣಗಲು ನಾಲ್ಕು ದಿನ ಬೇಕಾಯಿತು. ಮೊದಲ ಎರಡು ದಿನ ಆಕಾಶ ಬರಿದಾಗಿತ್ತು. ಮೂರನೆಯ ದಿನ ಪಡುವಲಿನಲ್ಲಿ ಬೂದುಬಣ್ಣದ ಪಟ್ಟಿಯೊಂದು ಎದ್ದಿತು. ಹಾಲಮ್ಮ ಸೂಜಿಗೆ ದಾರ ಪೋಣಿಸಲಾಗದೆ ಕಾರ್ಖಾನೆಯಿಂದ ಮಧ್ಯಾಹ್ನವೇ ಬಂದಳು. ನಾಲ್ಕನೆಯ ದಿನ ಬೆಳಗ್ಗೆ ಬಿಸಿಲು ಬರುತ್ತ ಹೋಗುತ್ತ ಇತ್ತು. ನಾನು ಉಗುರಿನಿಂದ ಮುಟ್ಟಿ ನೋಡಿದೆ. ಸೊನ್ನೆಗಳು ಇನ್ನೂ ಸ್ವಲ್ಪ ಮೆದುವಾಗಿದ್ದವು. ಹಲಗೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಹೊರಟೆವು.

ಬೀದಿಗೆ ಬರುತ್ತಲೇ ಸುದ್ದಿ ಹರಡಿತು. ಹಿಂದಕ್ಕೆ ನಡೆಯುತ್ತಿದ್ದ ಸಾಲು ಹಾಗೇ ನಮ್ಮ ಜತೆ ತಿರುಗಿತು. ಆಸ್ಪತ್ರೆ ತಲುಪುವ ಹೊತ್ತಿಗೆ ನಲವತ್ತು ಜನರಾಗಿದ್ದರು, ಎಲ್ಲರೂ ಬೆನ್ನು ಮುಂದಾಗಿ ಬಂದವರು. ಮೀನಿನ ಬುಟ್ಟಿಯವಳು ಬುಟ್ಟಿಯನ್ನೂ ತಂದಿದ್ದಳು.

ಎಸ್ತರಮ್ಮ ಪಂಚೆ ಬಿಚ್ಚಿ ಹಲಗೆಯನ್ನು ನೋಡಿದರು. "ಕೊಟ್ರೇಶನ ಕೈ ಅಲ್ಲ ಇದು."

"ನನ್ನದು ಸಿಸ್ಟರ್."

"ಅದೇ ನೋಡ್ದೆ. ಎಂಟು ಒಂದು ಥರಾ ಇದೆ. ಇರಲಿ, ಓದೋಕೆ ಬರುತ್ತೆ." ಕಿಟಕಿ ತೆರೆದರು. ಹಾಲಮ್ಮ ಎದುರಿಗೆ ನಿಂತಳು. ಬಿಸಿಲಿರಲಿಲ್ಲ. ಎಲ್ಲರೂ ಆಕಾಶ ನೋಡುತ್ತ ನಿಂತರು. ಮೋಡ ಸರಿಯಿತು. ಹಾಲಮ್ಮನ ನೆರಳು ಅವಳ ಕಾಲಿನಿಂದ ಹೊರಟು ಕಿಟಕಿಯ ಗೋಡೆ ಹತ್ತಿತು. "ಎದುರು," ಎಂದರು ಎಸ್ತರಮ್ಮ. ಪಟ್ಟಿಯನ್ನು ಸೀಳಿಗೆ ಸಿಕ್ಕಿಸಿದರು. ತೋಳಿಗೆ ಬಟ್ಟೆ ಸುತ್ತಿ ರಬ್ಬರ್ ಚೆಂಡು ಹಿಸುಕಿದರು. ಪಾದರಸ ಏರಿತು, ನಿಧಾನವಾಗಿ ಇಳಿಯಿತು. ಅವರು ಸ್ಟೆತಾಸ್ಕೋಪಿನಲ್ಲಿ ಕಿವಿಯಿಟ್ಟು, ಪಟ್ಟಿ ನೋಡಿ, ಇಪ್ಪತ್ತಾರು ವರ್ಷದ ರೂಢಿಯಂತೆ ಕಿಟಕಿಯತ್ತ ಮುಖ ತಿರುಗಿಸಿ ಕೂಗಿದರು:

"ನೂರ ಎಪ್ಪತ್ತೆಂಟು!"

ಕೂಗಿದ ಮೇಲೆ ಅವರಿಗೆ ತಾವು ಕೂಗಿದ್ದು ಕೇಳಿಸಿತು. ಹೊರಗೆ ಗದ್ದಲ ನಿಂತಿತು. ಎದುರುನೆರಳಿನ ಯಾರಿಗೂ ಆ ಕಿಟಕಿಯಿಂದ ಅಷ್ಟು ದೊಡ್ಡ ಅಂಕಿ ಎಂದೂ ಬಿದ್ದಿರಲಿಲ್ಲ.

"ಏನು? ಎಷ್ಟಂತೆ?" ಎಂದು ಒಬ್ಬರು ಕೇಳಿದರು.

"ನೂರ ಎಪ್ಪತ್ತೆಂಟಂತೆ. ಬೋರ್ಡು ಬರಿಯೋ ಕೊಟ್ರನ ತಂಗೀಗೆ."

"ಯವ್ವಾ! ಅದು ಅಂಗಡಿ ಸಾಹುಕಾರ್ರಿಗೆ ಬರೋ ಅಂಕಿ!"

ಡಾಕ್ಟರು ಒಳಗಿನಿಂದ ಬಂದರು. ಹಾಲಮ್ಮನನ್ನು ನೋಡಿದರು, ಅವಳ ನೆರಳನ್ನು ನೋಡಿದರು. ಪಟ್ಟಿಯ ಮೇಲೆ ಬಗ್ಗಿದರು. ಅದನ್ನು ಗ್ರಹಿಸಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಟ್ಟಿಯನ್ನು ಸೀಳಿನಿಂದ ತೆಗೆದು ಕೈಯಲ್ಲಿ ಹಿಡಿದರು. ಬೆರಳಿಗೆ ಒಂದು ಸೊನ್ನೆ ಅಂಟಿಕೊಂಡಿತು.

"ಕೊಟ್ರೇಶ ತಗೊಂಡು ಹೋದದ್ದು ಇದೇನಾ?"

"ಇದೇ ಹಲಗೆ ಸರ್. ಹಿಂದೆ ಮುದ್ರೆ ಇದೆ."

ತಿರುಗಿಸಿ ನೋಡಿದರು. ಮುದ್ರೆ ಇತ್ತು. "ಅಂಕಿ?"

"ಅಂಕಿ ಮಾಸಿತ್ತು. ನೇರಪಟ್ಟಿ ನೋಡಿ ಬರೆದೆ. ಅಳೆಯೋದಕ್ಕೆ ಅದನ್ನ ಬಿಟ್ಟರೆ ಬೇರೆ ಮಾದರಿ ಇಲ್ಲ ಸರ್."

ಅವರು ನನ್ನನ್ನು ನೋಡಿದರು. ನಾನೂ ನೋಡಿದೆ. ಈ ಪಟ್ಟಿ ತಪ್ಪು ಎಂದು ಅವರು ಹೇಳಬಹುದಿತ್ತು. ಹಾಗೆ ಹೇಳಿದರೆ ಮೊದಲಿನದು ಹೇಗಿತ್ತೆಂದು ಆ ನಲವತ್ತು ಜನರಿಗೆ ಹೇಳಬೇಕಾಗುತ್ತಿತ್ತು.

"ಯಾಕ್ರೀ ಸುಮ್ನಾದ್ರಿ?" ಕಿಟಕಿಯ ಹೊರಗಿನಿಂದ ಮೀನಿನ ಬುಟ್ಟಿಯವಳ ಗಂಟಲು. "ಅಂಕಿ ಕೂಗಿ ಆತು. ಮಾತ್ರೆ ಕೊಡ್ರಿ. ಹೊತ್ತು ಹೋತು, ಮೋಡ ಬರ್ತೈತೆ!"

ಡಾಕ್ಟರು ತಮ್ಮ ಬೆರಳಿಗೆ ಅಂಟಿದ ಕಪ್ಪನ್ನು ಹೆಬ್ಬೆರಳಿನಿಂದ ಉಜ್ಜಿದರು. ಅದು ಹರಡಿತು. "ಕೊಡಿ ಸಿಸ್ಟರ್," ಎಂದರು. ಪಟ್ಟಿಯನ್ನು ತಾವೇ ಸೀಳಿಗೆ ಸಿಕ್ಕಿಸಿ ಒಳಗೆ ಹೋದರು. ಅಂದು ಅವರು ಮಧ್ಯಾಹ್ನದ ಊಟ ಮಾಡಲಿಲ್ಲವೆಂದು ಆಮೇಲೆ ತಿಳಿಯಿತು.

ಹಾಲಮ್ಮ ಅಲ್ಲೇ ನಿಂತು ಮೊದಲ ಮಾತ್ರೆ ನುಂಗಿದಳು. "ಕಹಿ," ಎಂದಳು. ಗೋಡೆಗೆ ಒರಗಿ ಕೂತಳು.

ಮೋಡದ ಸಂದಿಯಲ್ಲಿ ಬಿಸಿಲು ಬಂದಾಗಲೆಲ್ಲ ಎಸ್ತರಮ್ಮ ಒಬ್ಬೊಬ್ಬರನ್ನು ಕರೆದರು. ನೂರ ಅರವತ್ತು. ನೂರ ಇಪ್ಪತ್ತು. ನೂರ ಎಂಬತ್ತೆರಡು. ನೂರ ಐವತ್ತಾರು. ಒಂದೊಂದು ಅಂಕಿ ಬಿದ್ದಾಗಲೂ ಹೊರಗಿನವರು ಹೋ ಎನ್ನುತ್ತಿದ್ದರು. ಮೊದಲು ಅದು ಜಂಬದಂತೆ ಕೇಳುತ್ತಿತ್ತು. ಹತ್ತು ಹನ್ನೆರಡು ಜನರಾದ ಮೇಲೆ ಯಾರೂ ಹೋ ಎನ್ನಲಿಲ್ಲ. ಹನ್ನೊಂದು ಗಂಟೆಗೆ ಎದುರಿನವರ ಕಪಾಟಿನ ಮಾತ್ರೆ ಮುಗಿಯಿತು. ಎಸ್ತರಮ್ಮ ನೇರದವರ ಕಪಾಟಿನ ಬೀಗ ತೆಗೆದರು. ಮಾತ್ರೆ ಅದೇ. ಡಬ್ಬಿಯ ಬಣ್ಣ ಬೇರೆ, ಅಷ್ಟೆ. ಕೊನೆಯವಳು ಮೀನಿನ ಬುಟ್ಟಿಯವಳು. ಅವಳದು ನೂರ ಹದಿನೆಂಟು.

"ಇಷ್ಟೇನಾ?" ಎಂದಳು. "ಎಲ್ರಿಗೂ ಅಷ್ಟಷ್ಟು ಕೊಟ್ಟು ನಂಗ್ ಇಷ್ಟೇನಾ?"

"ಪುಣ್ಯವಂತೆ, ಹೋಗು," ಎಂದರು ಎಸ್ತರಮ್ಮ.

ಹೊರಗೆ ಜನ ಕರಗಿದರು. ಹೆಚ್ಚಿನವರು ಮುಂದಕ್ಕೇ ನಡೆದು ಹೋದರು. ಕೆಲವರು ರೂಢಿ ತಪ್ಪದೆ ಹಿಂದಕ್ಕೆ ನಡೆದರು. ಕೋಣೆಯಲ್ಲಿ ಉಳಿದದ್ದು ನಾವು ಮೂವರೇ. ಎಸ್ತರಮ್ಮ ಪಟ್ಟಿಯನ್ನು ಸೀಳಿನಿಂದ ತೆಗೆದು ನನ್ನ ಕೈಗೆ ಕೊಟ್ಟರು.

"ನೀನೇ ಹಾಕಿಬಿಡು. ಅವನು ತೆಗೆದ ಜಾಗ ಅದೇ."

ಪಡುವಣ ಗೋಡೆಯಲ್ಲಿ ಮೊಳೆ ಇತ್ತು. ಅದರ ಕೆಳಗೆ ಹಲಗೆಯ ಆಕಾರದಷ್ಟು ಸುಣ್ಣ ಬೆಳ್ಳಗಿತ್ತು, ಸುತ್ತಲೂ ಹಳದಿಗಟ್ಟಿತ್ತು. ಪಟ್ಟಿಯ ತೂತನ್ನು ಮೊಳೆಗೆ ಸೇರಿಸಿದೆ. ಸ್ವಲ್ಪ ವಾಲಿತು. ನೆಟ್ಟಗೆ ಮಾಡಿದೆ. ಅವನು ಒಂದು ವಾರಕ್ಕೆಂದು ತಂದಿದ್ದು, ಇಪ್ಪತ್ತೇಳು ದಿನವಾಗಿತ್ತು.

"ತಡವಾಯ್ತು ಸಿಸ್ಟರ್," ಎಂದೆ.

ಎಸ್ತರಮ್ಮ ಪಟ್ಟಿಯನ್ನೇ ನೋಡುತ್ತಿದ್ದರು. ಆಮೇಲೆ ಎದುರು ಗೋಡೆಯ ನೇರಪಟ್ಟಿಯನ್ನು ನೋಡಿದರು, ಮತ್ತೆ ಇದನ್ನು. ಕೈ ಕತ್ತಿನ ಹಿಂದಕ್ಕೆ ಹೋಯಿತು, ಅಲ್ಲೇ ನಿಂತಿತು. ಕಿಟಕಿಯಲ್ಲಿ ಇನ್ನೂ ಅಂಗೈಯಗಲದ ಬಿಸಿಲಿತ್ತು. ಅವರು ರೋಗಿಗಳ ಸ್ಟೂಲನ್ನು ಎಳೆದುಕೊಂಡು ಅದರ ಮೇಲೆ ಕೂತರು. ಬಿಳಿಯ ತೋಳನ್ನು ಮೊಣಕೈಯ ಮೇಲಕ್ಕೆ ಮಡಿಸಿದರು.

"ಪಟ್ಟಿ ಯಾವುದಾದ್ರೂ ಒಂದು ತಗೊಂಡು ಬಾ," ಎಂದರು.